ಪಿಎಂ 2.5 ಅಂಕಿ ಒಂದೇ, ಒಳಗಿನ ವಸ್ತು ಋತುವಿಗೊಂದು: ವರ್ಷದ ಸರಾಸರಿಯನ್ನಷ್ಟೇ ನೋಡಿ ಕ್ರಮ ಕೈಗೊಳ್ಳಬಹುದೇ?

ತೂಕದಕೋಣೆ

ಗಾಳಿಯಲ್ಲಿ ತೇಲುವ ಪಿಎಂ 2.5, ಅಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕೂ ಸಣ್ಣ ವ್ಯಾಸದ ಸೂಕ್ಷ್ಮ ಕಣಗಳನ್ನು ಫಿಲ್ಟರ್‌ಗಳಲ್ಲಿ ಹಿಡಿದು ತೂಗುವ, ಆಮೇಲೆ ಅವುಗಳಲ್ಲಿ ಏನೇನಿದೆ ಎಂದು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಬಹಳ ಕಾಲದಿಂದ ಮನಸ್ಸಿನಲ್ಲಿರುವ ಒಂದು ಅಸಮಾಧಾನವನ್ನು ಇಲ್ಲಿ ಹೇಳಿಕೊಳ್ಳಬೇಕೆನಿಸಿದೆ.

ನಾವು ಬಳಸುವ ಯಂತ್ರ ನಿಮಿಷಕ್ಕೆ 16.7 ಲೀಟರ್ ಗಾಳಿಯನ್ನು ಎಳೆದುಕೊಳ್ಳುತ್ತದೆ. ದಿನಕ್ಕೆ 24 ಘನ ಮೀಟರ್ ಆಯಿತು. ಘನ ಮೀಟರ್‌ಗೆ 50 ಮೈಕ್ರೋಗ್ರಾಂ ಕಣಗಳಿದ್ದ ದಿನ 47 ಮಿಲಿಮೀಟರ್ ವ್ಯಾಸದ ಟೆಫ್ಲಾನ್ ಫಿಲ್ಟರ್‌ನ ಮೇಲೆ ಕೂರುವುದು 1.2 ಮಿಲಿಗ್ರಾಂ. ಚಳಿಗಾಲದ ಒಂದು ದಿನ, ಒಣಗಾಳಿ ಬೀಸುವ ಕಾಲದ ಒಂದು ದಿನ, ಎರಡರಲ್ಲೂ ಇಷ್ಟೇ ತೂಕ ಬಂದಿದೆ ಎಂದಿಟ್ಟುಕೊಳ್ಳಿ. ಎರಡು ಫಿಲ್ಟರ್‌ಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ಕಡುಗಪ್ಪು, ಇನ್ನೊಂದು ಕೆಮ್ಮಣ್ಣಿನ ಬಣ್ಣ. ತಕ್ಕಡಿಯ ಪುಸ್ತಕದಲ್ಲಿ ಮಾತ್ರ ಎರಡೂ 1.2. ಬೇಸಿಗೆಯ ನಡುವೆ ಸಲ್ಫೇಟ್ ಹೆಚ್ಚಿರುವ ಫಿಲ್ಟರ್ ಬರುತ್ತದೆ. ಅದು ಎಷ್ಟು ತಿಳಿ ಬೂದು ಬಣ್ಣದ್ದೆಂದರೆ, ತೂಗದೆ ನೋಡಿದವರು ಅದರಲ್ಲಿ ಹೆಚ್ಚೇನೂ ಇಲ್ಲ ಎಂದೇ ಭಾವಿಸುತ್ತಾರೆ.

ಹೀಗಿದ್ದೂ ವರ್ಷದ ಕೊನೆಗೆ ಹೊರಬರುವುದು ಒಂದೇ ಒಂದು ಸರಾಸರಿ. ಅದು ಕಳೆದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ ಎಂಬುದರ ಮೇಲೆ ಚರ್ಚೆ, ಆ ಚರ್ಚೆಯ ಮೇಲೆ ಕ್ರಮ. ಯಾವ ತಿಂಗಳಲ್ಲಿ ಯಾವ ವಸ್ತು ಎಷ್ಟಿತ್ತು ಎಂಬ ಪಟ್ಟಿಯಿಲ್ಲದೆ ಯಾವ ಮೂಲವನ್ನು ಹಿಡಿಯಬೇಕು ಎಂದು ತೀರ್ಮಾನಿಸುವುದು ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಪ್ಪದವರು ದಯವಿಟ್ಟು ಬರೆಯಿರಿ.

ಬೆಳಗಿನಓಟ

ನಾನು ವಿಜ್ಞಾನದವನಲ್ಲ. ಪ್ರತಿದಿನ ಬೆಳಗ್ಗೆ ಓಡುವ ಮೊದಲು ಗಾಳಿಯ ಗುಣಮಟ್ಟದ ಅಂಕಿ ನೋಡುವವನು, ಅಷ್ಟೇ. ಚಳಿಗಾಲದಲ್ಲಿ ಅಂಕಿ ಏರುವುದು ಗಾಳಿ ಕದಲದೆ ನಿಲ್ಲುವುದರಿಂದ ಎಂದು ಓದಿದ್ದೇನೆ. ಹೊಗೆ ಅದೇ, ವಾಹನಗಳೂ ಅವೇ, ಮೇಲೆ ಹೋಗಬೇಕಾದದ್ದು ಕೆಳಗೇ ಉಳಿಯುತ್ತದೆ. ಹಾಗಿದ್ದರೆ ಪ್ರಮಾಣ ಬದಲಾಗಬೇಕೇ ಹೊರತು ಒಳಗಿನ ವಸ್ತು ಏಕೆ ಬದಲಾಗಬೇಕು?

ತೂಕದಕೋಣೆ

ಬೆಳಗಿನಓಟ ಅವರೇ, ಇಡೀ ವಿಷಯ ನಿಂತಿರುವುದೇ ನಿಮ್ಮ ಈ ಪ್ರಶ್ನೆಯ ಮೇಲೆ. ನೀವು ಓದಿದ್ದು ಸರಿಯಾಗಿಯೇ ಇದೆ. ಬೇಸಿಗೆಯ ಮಧ್ಯಾಹ್ನ ನೆಲ ಕಾದು ಗಾಳಿ ಒಂದೆರಡು ಕಿಲೋಮೀಟರ್ ಎತ್ತರದವರೆಗೂ, ಕೆಲವೆಡೆ ಅದಕ್ಕೂ ಮೇಲೆ, ಕಲಕಿಕೊಳ್ಳುತ್ತದೆ. ಚಳಿಗಾಲದ ರಾತ್ರಿ ನೆಲದ ಹತ್ತಿರದ ಗಾಳಿ ಮೇಲಿನದಕ್ಕಿಂತ ತಣ್ಣಗಾಗಿ, ಕೆಲವು ನೂರು ಮೀಟರ್ ಅಥವಾ ಇನ್ನೂ ಕಡಿಮೆ ಎತ್ತರದಲ್ಲೇ ಎಲ್ಲವೂ ಸಿಕ್ಕಿಹಾಕಿಕೊಳ್ಳುತ್ತದೆ. ನಡೆಯುವುದು ಇಷ್ಟೇ ಆಗಿದ್ದರೆ ಮಸಿ, ಧೂಳು, ಸಲ್ಫೇಟ್, ನೈಟ್ರೇಟ್ ಎಲ್ಲವೂ ಒಂದೇ ಪಟ್ಟು ಹೆಚ್ಚಬೇಕಿತ್ತು. ಹಾಗಾಗುವುದಿಲ್ಲ. ಒಂದು ನಾಲ್ಕು ಪಟ್ಟು ಏರಿದರೆ ಮತ್ತೊಂದು ಇದ್ದಲ್ಲೇ ಇರುತ್ತದೆ, ಇನ್ನೊಂದು ಇಳಿಯುವುದೂ ಉಂಟು.

ಕಾರಣವೇನೆಂದರೆ, ಈ ಕಣಗಳಲ್ಲಿ ದೊಡ್ಡ ಪಾಲು ಯಾವ ಕೊಳವೆಯಿಂದಲೂ ಕಣವಾಗಿ ಹೊರಬಂದದ್ದಲ್ಲ. ಅನಿಲವಾಗಿ ಹೊರಬಂದು ಗಾಳಿಯಲ್ಲೇ ಕಣವಾದದ್ದು. ಸಲ್ಫರ್ ಡೈಆಕ್ಸೈಡ್ ಸಲ್ಫೇಟ್ ಆಗುತ್ತದೆ, ಸಾರಜನಕದ ಆಕ್ಸೈಡ್‌ಗಳು ನೈಟ್ರೇಟ್ ಆಗುತ್ತವೆ, ಇಂಧನದ ಆವಿ ಮತ್ತು ಮರಗಿಡಗಳ ಆವಿ ಸಾವಯವ, ಅಂದರೆ ಇಂಗಾಲದ ಸಂಯುಕ್ತಗಳ, ಕಣವಾಗುತ್ತವೆ. ಈ ಪರಿವರ್ತನೆಗೆ ಬಿಸಿಲು, ಚಳಿ, ತೇವ, ಇರುಳಿನ ಉದ್ದ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕಾರ್ಖಾನೆ ವರ್ಷಪೂರ್ತಿ ಒಂದೇ ಸಮನೆ ಹೊಗೆ ಬಿಟ್ಟರೂ ಆಕಾಶ ಅದನ್ನು ಒಂದೇ ಸಮನೆ ಕಣವಾಗಿ ಮಾಡುವುದಿಲ್ಲ.

ರಸಾಯನದಮೇಷ್ಟ್ರು

ನೈಟ್ರೇಟ್ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಋತುವಿನ ಮಾತಿನಲ್ಲಿ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅಮೋನಿಯಾ ಒಂದು ಅನಿಲ, ನೈಟ್ರಿಕ್ ಆಮ್ಲದ ಆವಿ ಇನ್ನೊಂದು ಅನಿಲ. ಎರಡೂ ಸೇರಿದರೆ ಅಮೋನಿಯಂ ನೈಟ್ರೇಟ್ ಎಂಬ ಲವಣ, ಅಂದರೆ ಕಣ. ಆದರೆ ಈ ಮದುವೆ ಶಾಶ್ವತವಲ್ಲ. ಬಿಸಿಯಾದರೆ ಲವಣ ಮತ್ತೆ ಎರಡು ಅನಿಲಗಳಾಗಿ ಒಡೆಯುತ್ತದೆ. ತಾಪಮಾನ 25 ಡಿಗ್ರಿ ಸೆಲ್ಸಿಯಸ್‌ನಿಂದ 5 ಡಿಗ್ರಿಗೆ ಇಳಿದರೆ, ಒಣ ಲವಣದ ವಿಘಟನೆಯ ಸಮತೋಲನ ಸ್ಥಿರಾಂಕ, ಅಂದರೆ ಅದು ಅನಿಲಗಳಾಗಿ ಒಡೆಯುವ ಒಲವಿನ ಅಳತೆ, ನೂರು ಪಟ್ಟಿಗೂ ಹೆಚ್ಚು ಕುಗ್ಗುತ್ತದೆ. ಗಾಳಿಯಲ್ಲಿರುವ ಅನಿಲದ ಪ್ರಮಾಣ ಒಂದಿಷ್ಟೂ ಬದಲಾಗದಿದ್ದರೂ ಬೇಸಿಗೆಯ ಮಧ್ಯಾಹ್ನ ಅದು ಆವಿಯಾಗಿಯೇ ಉಳಿಯುತ್ತದೆ, ಚಳಿಗಾಲದ ರಾತ್ರಿ ಕಣವಾಗಿ ತಕ್ಕಡಿಗೆ ಬರುತ್ತದೆ. ತೇವ ಹೆಚ್ಚಿದರೆ ಕಣದ ಕಡೆಗೆ ಇನ್ನಷ್ಟು ವಾಲುತ್ತದೆ.

ಇದರ ಜೊತೆಗೆ ಇರುಳಿನ ರಸಾಯನವೊಂದಿದೆ. ನೈಟ್ರೋಜನ್ ಡೈಆಕ್ಸೈಡ್ ಓಝೋನ್ ಜೊತೆ ವರ್ತಿಸಿ, ಇತರ ಅಣುಗಳೊಂದಿಗೆ ಬೇಗನೆ ಸೇರುವ ಅಸ್ಥಿರ ತುಣುಕಾದ ನೈಟ್ರೇಟ್ ರ‍್ಯಾಡಿಕಲ್ ಉಂಟಾಗುತ್ತದೆ. ಹಗಲಿನಲ್ಲಿ ಬಿಸಿಲು ಅದನ್ನು ಕ್ಷಣಗಳಲ್ಲಿ ಒಡೆದುಬಿಡುತ್ತದೆ. ಕತ್ತಲಲ್ಲಿ ಅದು ಉಳಿದುಕೊಂಡು, ಇನ್ನೊಂದು ನೈಟ್ರೋಜನ್ ಡೈಆಕ್ಸೈಡ್ ಜೊತೆ ಸೇರಿ ಡೈನೈಟ್ರೋಜನ್ ಪೆಂಟಾಕ್ಸೈಡ್ ಆಗುತ್ತದೆ. ಅದು ಒದ್ದೆ ಕಣದ ಮೇಲೆ ಬಿದ್ದರೆ ನೈಟ್ರಿಕ್ ಆಮ್ಲ. ಚಳಿಗಾಲದಲ್ಲಿ ಇರುಳು ಉದ್ದ, ಕಣಗಳು ಒದ್ದೆ, ಗಾಳಿ ತಣ್ಣಗೆ. ಮೂರೂ ಕೂಡಿ ಬಂದಾಗ ನೈಟ್ರೇಟ್ ಏರದಿದ್ದರೆ ಆಶ್ಚರ್ಯಪಡಬೇಕು.

ಸಲ್ಫೇಟ್‌ನ ಸ್ವಭಾವ ಬೇರೆ. ಅದು ಒಮ್ಮೆ ಕಣವಾದರೆ ಗಾಳಿಯ ತಾಪಮಾನಕ್ಕೆ ಮತ್ತೆ ಆವಿಯಾಗುವುದಿಲ್ಲ. ಬೇಸಿಗೆಯ ಬಿಸಿಲಿನಲ್ಲಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹೆಚ್ಚು, ಹೈಡ್ರೋಜನ್ ಪೆರಾಕ್ಸೈಡ್ ಹೆಚ್ಚು. ಮೊದಲನೆಯದು ಅನಿಲದಲ್ಲೇ, ಎರಡನೆಯದು ಮೋಡದ ಹನಿಯೊಳಗೆ, ಸಲ್ಫರ್ ಡೈಆಕ್ಸೈಡನ್ನು ಆಮ್ಲವಾಗಿಸುತ್ತವೆ. ಅಮೆರಿಕದ ಪೂರ್ವ ಭಾಗದಲ್ಲಿ ದಶಕಗಳ ಕಾಲ ಬೇಸಿಗೆಯೇ ಕಣಮಾಲಿನ್ಯದ ಕಾಲವಾಗಿದ್ದುದು ಇದೇ ಕಾರಣಕ್ಕೆ. ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳು ಒಂದೆಡೆ, ಒದ್ದೆ ಬೇಸಿಗೆ ಇನ್ನೊಂದೆಡೆ. 1990ರಲ್ಲಿ ಅಲ್ಲಿನ ಶುದ್ಧ ಗಾಳಿ ಕಾಯ್ದೆಗೆ ತಿದ್ದುಪಡಿಯಾಗಿ ಸ್ಥಾವರಗಳ ಸಲ್ಫರ್ ಡೈಆಕ್ಸೈಡ್ ಇಳಿಯುತ್ತಾ ಬಂದಂತೆ ಆ ಬೇಸಿಗೆಯ ಶಿಖರವೂ ಕರಗುತ್ತಾ ಬಂತು. ಒಂದು ಕಾಯ್ದೆ ಒಂದು ಋತುವಿನ ಗಾಳಿಯನ್ನೇ ಬದಲಿಸಿತು ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುವಾಗ ಈಗಲೂ ಸಂತೋಷವಾಗುತ್ತದೆ.

ಹೊಲದಬದು

ಅಮೋನಿಯಾ ಎಂದ ಕೂಡಲೇ ನಮ್ಮ ಕಡೆಗೆ ಬೆರಳು ತಿರುಗುತ್ತದೆ ಎಂದು ಗೊತ್ತು. ಆದರೂ ಹೇಳುತ್ತೇನೆ. ಕೃಷಿಯ ಮಾಲಿನ್ಯ ಎಂದರೆ ಜನರಿಗೆ ನೆನಪಾಗುವುದು ಕೂಳೆ ಸುಡುವುದೊಂದೇ. ಅದು ಕಣ್ಣಿಗೆ ಕಾಣುತ್ತದೆ, ಛಾಯಾಚಿತ್ರ ತೆಗೆಯಬಹುದು. ಗೊಬ್ಬರ ಹಾಕಿದ ಹೊಲದಿಂದ, ದನದ ಕೊಟ್ಟಿಗೆಯಿಂದ ಏಳುವ ಅಮೋನಿಯಾ ಕಾಣುವುದಿಲ್ಲ. ಯೂರಿಯಾವನ್ನು ಒಣ ನೆಲದ ಮೇಲೆ ಚೆಲ್ಲಿ ಮಣ್ಣು ಮುಚ್ಚದಿದ್ದರೆ ಗೊಬ್ಬರದ ಒಂದು ಪಾಲು ನೇರವಾಗಿ ಗಾಳಿಗೇ ಹೋಗುತ್ತದೆ. ಅದು ರೈತನಿಗೂ ನಷ್ಟ. ಇದನ್ನು ಯಾರಾದರೂ ಋತುವಿನ ಲೆಕ್ಕದಲ್ಲಿ ನೋಡಿದ್ದಾರೆಯೇ?

ರಸಾಯನದಮೇಷ್ಟ್ರು

ನೋಡಿದ್ದಾರೆ. ಪಶ್ಚಿಮ ಯುರೋಪಿನಲ್ಲಿ ಮಾರ್ಚ್–ಏಪ್ರಿಲ್ ಹೊತ್ತಿಗೆ ಹೊಲಗಳಿಗೆ ಗೊಬ್ಬರ ಬೀಳುತ್ತದೆ, ಹಗಲು ಒಂದಿಷ್ಟು ಬೆಚ್ಚಗಾಗಿ ಅಮೋನಿಯಾ ಏಳುತ್ತದೆ, ರಾತ್ರಿ ಇನ್ನೂ ಚಳಿ ಇರುತ್ತದೆ. ನಗರದ ವಾಹನಗಳ ಸಾರಜನಕದ ಆಕ್ಸೈಡ್‌ಗಳು ಅಲ್ಲಿ ಕಾದಿರುತ್ತವೆ. 2014ರ ಮಾರ್ಚ್‌ನಲ್ಲಿ ಪ್ಯಾರಿಸ್‌ನಲ್ಲಿ ಮಾಲಿನ್ಯ ಮಿತಿಮೀರಿ ಸಮ–ಬೆಸ ಸಂಖ್ಯೆಯ ಲೆಕ್ಕದಲ್ಲಿ ವಾಹನ ತಡೆದರಲ್ಲವೇ, ಆಗಿನ ಕಣಗಳಲ್ಲಿ ಅಮೋನಿಯಂ ನೈಟ್ರೇಟ್ ಬಹುದೊಡ್ಡ ಪಾಲಾಗಿತ್ತು. ಅರ್ಧ ರಸ್ತೆಯದು, ಅರ್ಧ ಹೊಲದ್ದು. ತಡೆದದ್ದು ರಸ್ತೆಯ ಭಾಗವನ್ನು ಮಾತ್ರ.

ಹೊಲದಬದು

ಹಾಗಾದರೆ ಕೇಳಬೇಕಾದ ಪ್ರಶ್ನೆ ಇದು. ಅಮೋನಿಯಾ ಕಡಿಮೆ ಮಾಡಿದರೆ ಪ್ರತಿ ಋತುವಿನಲ್ಲೂ ಫಲ ಸಿಗುತ್ತದೆಯೇ? ಸಿಗದ ಕಾಲದಲ್ಲಿ ರೈತನ ಮೇಲೆ ನಿರ್ಬಂಧ ಹೇರಿದರೆ ಅದು ಅನ್ಯಾಯ.

ರಸಾಯನದಮೇಷ್ಟ್ರು

ಪ್ರತಿ ಋತುವಿನಲ್ಲೂ ಸಿಗುವುದಿಲ್ಲ. ಅಮೋನಿಯಾ, ನೈಟ್ರಿಕ್ ಆಮ್ಲ ಎರಡರಲ್ಲಿ ಯಾವುದು ಕೊರತೆಯಲ್ಲಿದೆಯೋ ಅದನ್ನು ಕಡಿತಗೊಳಿಸಿದಾಗ ಮಾತ್ರ ಕಣ ಇಳಿಯುತ್ತದೆ. ಅಮೋನಿಯಾ ಬೇಕಾದ್ದಕ್ಕಿಂತ ಬಹಳ ಹೆಚ್ಚಿದ್ದರೆ, ಅದರಲ್ಲಿ ಸ್ವಲ್ಪ ತೆಗೆದರೂ ನೈಟ್ರೇಟ್ ಹಾಗೆಯೇ ಇರುತ್ತದೆ. ಆಗ ನೈಟ್ರಿಕ್ ಆಮ್ಲದ ಮೂಲವನ್ನು ಹಿಡಿಯಬೇಕು. ಸಲ್ಫೇಟ್ ಕೂಡ ಈ ಲೆಕ್ಕದಲ್ಲಿದೆ. ಸಲ್ಫ್ಯೂರಿಕ್ ಆಮ್ಲ ಅಮೋನಿಯಾವನ್ನು ಮೊದಲು ಹಿಡಿದುಕೊಳ್ಳುತ್ತದೆ, ಉಳಿದದ್ದು ನೈಟ್ರೇಟ್‌ಗೆ. ಸಲ್ಫರ್ ಡೈಆಕ್ಸೈಡ್ ಇಳಿಸಿದರೆ ಅಮೋನಿಯಾ ಬಿಡುವಾಗಿ ಚಳಿಗಾಲದಲ್ಲಿ ನೈಟ್ರೇಟ್ ಹೆಚ್ಚಬಹುದು. ಚೀನಾದಲ್ಲಿ ವಾಯುಮಾಲಿನ್ಯ ತಡೆಯುವ 2013ರ ಕ್ರಿಯಾಯೋಜನೆಯ ನಂತರ ಸಲ್ಫರ್ ಡೈಆಕ್ಸೈಡ್ ಭಾರಿ ಪ್ರಮಾಣದಲ್ಲಿ ಇಳಿಯಿತು. ಬೀಜಿಂಗ್‌ನ ಚಳಿಗಾಲದ ಮಬ್ಬಿನಲ್ಲಿ ಸಲ್ಫೇಟ್ ಹಿಂದೆ ಬಿದ್ದು ನೈಟ್ರೇಟ್ ಮುಂದೆ ಬಂತು. ಒಟ್ಟು ತೂಕ ಇಳಿದದ್ದು ನಿಜ, ಅದು ದೊಡ್ಡ ಸಾಧನೆ. ಆದರೆ ಉಳಿದ ಮಾಲಿನ್ಯದ ಗುಣವೇ ಬೇರೆಯಾದದ್ದೂ ನಿಜ, ಮುಂದಿನ ಹೆಜ್ಜೆಗೆ ಅದೇ ದಾರಿ ತೋರಿಸಬೇಕು.

ಪುಟ್ಟಸೆನ್ಸರ್

ನನ್ನದು ಬೆಳಕಿನ ಚದುರುವಿಕೆಯಿಂದ ಅಳೆಯುವ ಕಡಿಮೆ ಬೆಲೆಯ ಸೆನ್ಸರ್. ಹತ್ತಿರದ ಅಧಿಕೃತ ಮಾಪಕದ ಜೊತೆ ಹೋಲಿಸುತ್ತಿರುತ್ತೇನೆ. ಮಂಜು ಕವಿದ ಬೆಳಗಿನಲ್ಲಿ ನನ್ನದು ಬಹಳ ಹೆಚ್ಚು ತೋರಿಸುತ್ತದೆ. ಧೂಳಿನ ಗಾಳಿ ಎದ್ದ ದಿನ ಕಣ್ಣಿಗೇ ಧೂಳು ಕಾಣುತ್ತಿದ್ದರೂ ಕಡಿಮೆ ತೋರಿಸುತ್ತದೆ. ಒಂದೇ ತಿದ್ದುಪಡಿ ಸೂತ್ರ ಹಾಕಿದರೆ ಒಂದು ಕಾಲಕ್ಕೆ ಸರಿಹೋಗುತ್ತದೆ, ಇನ್ನೊಂದು ಕಾಲಕ್ಕೆ ಕೆಡುತ್ತದೆ. ಇದಕ್ಕೂ ಈ ಚರ್ಚೆಗೂ ಸಂಬಂಧ ಇರಬಹುದೇ?

ತೂಕದಕೋಣೆ

ನೇರ ಸಂಬಂಧವಿದೆ. ಸೆನ್ಸರ್ ತೂಗುವುದಿಲ್ಲ, ಕಣದಿಂದ ಚದುರಿದ ಬೆಳಕನ್ನು ನೋಡಿ ತೂಕವನ್ನು ಊಹಿಸುತ್ತದೆ. ಲವಣದ ಕಣ ತೇವ ಹೀರಿ ಉಬ್ಬಿದರೆ ಬೆಳಕು ಹೆಚ್ಚು ಚದುರುತ್ತದೆ. ಶುದ್ಧ ಅಮೋನಿಯಂ ನೈಟ್ರೇಟ್ ಹರಳು ಸುಮಾರು 62 ಶೇಕಡಾ ಸಾಪೇಕ್ಷ ತೇವಾಂಶದಲ್ಲೇ ತೇವ ಹೀರಿ ಕರಗಿ ಹನಿಯಾಗುತ್ತದೆ, ಸಾಮಾನ್ಯ ಉಪ್ಪು 75ರಲ್ಲಿ, ಅಮೋನಿಯಂ ಸಲ್ಫೇಟ್ 80ರಲ್ಲಿ. ಮಸಿಗೆ ನೀರಿನ ಹಂಬಲವೇ ಇಲ್ಲ, ಅದು ಬೆಳಕನ್ನು ಚದುರಿಸುವುದಕ್ಕಿಂತ ನುಂಗುವುದೇ ಹೆಚ್ಚು. ಧೂಳಿನಲ್ಲಿ ತೂಕವಿರುವುದು ದೊಡ್ಡ ಕಣಗಳಲ್ಲಿ, ಅವು ಇಂಥ ಸೆನ್ಸರ್‌ನ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ಹಾಗಾಗಿ ನಿಮ್ಮ ಯಂತ್ರದ ದೋಷ ಕೂಡ ಋತುವಿನೊಂದಿಗೆ ಬದಲಾಗುತ್ತದೆ. ಪ್ರತಿ ಋತುವಿಗೆ ಪ್ರತ್ಯೇಕ ಹೋಲಿಕೆ ಮಾಡಿ, ತೇವಾಂಶವನ್ನು ಲೆಕ್ಕದಲ್ಲಿ ಸೇರಿಸಿ.

ನಮ್ಮ ತಕ್ಕಡಿಗೂ ಇದೇ ತೊಂದರೆ ಇದೆ ಎಂದು ಹೇಳಿಬಿಡುತ್ತೇನೆ. ಅಮೆರಿಕದ ವಿಧಾನದಲ್ಲಿ ಫಿಲ್ಟರನ್ನು ತೂಗುವ ಮೊದಲು 30–40 ಶೇಕಡಾ ತೇವಾಂಶದಲ್ಲಿ ಒಂದು ದಿನ ಇಡುತ್ತಾರೆ, ಯುರೋಪಿನ ವಿಧಾನದಲ್ಲಿ 45–50ರಲ್ಲಿ. ನೀರು ಹಿಡಿಯುವ ಲವಣ ಹೆಚ್ಚಿದ್ದ ದಿನ ಎರಡು ತೂಕಗಳು ಒಂದೇ ಆಗಿರಬೇಕೆಂದಿಲ್ಲ. ಇನ್ನೊಂದು ಸಂಗತಿ, ಸೆಖೆಯ ದಿನ ಟೆಫ್ಲಾನ್ ಫಿಲ್ಟರ್ ಯಂತ್ರದಲ್ಲಿ ಕುಳಿತಿರುವಾಗಲೇ ಅದರ ಮೇಲಿನ ನೈಟ್ರೇಟ್ ಆವಿಯಾಗಿ ಹೋಗುತ್ತದೆ. ಅದಕ್ಕೇ ನೈಟ್ರೇಟ್ ಸರಿಯಾಗಿ ಬೇಕೆಂದವರು ಮೊದಲು ಆಮ್ಲದ ಆವಿಯನ್ನು ಹೀರುವ ಕೊಳವೆ ಇಟ್ಟು, ಅದರ ಹಿಂದೆ ನೈಲಾನ್ ಫಿಲ್ಟರ್ ಇಡುತ್ತಾರೆ. ಕಣದಿಂದ ಹೊರಟ ಆಮ್ಲವನ್ನು ನೈಲಾನ್ ಹಿಡಿದಿಟ್ಟುಕೊಳ್ಳುತ್ತದೆ.

ನೀಲಿಬೆಟ್ಟ

ಇಲ್ಲಿಯವರೆಗೆ ಲವಣಗಳದ್ದೇ ಮಾತಾಯಿತು. ಹಲವು ಕಡೆ ಪಿಎಂ 2.5ರ ಅತಿ ದೊಡ್ಡ ಪಾಲು ಸಾವಯವ ವಸ್ತು, ಅದರ ಋತುಚಕ್ರ ಇನ್ನೂ ಸೋಜಿಗದ್ದು. ದೂರದ ಕಾಡುಬೆಟ್ಟಗಳ ಮೇಲೆ ಬೇಸಿಗೆಯಲ್ಲಿ ನೀಲಿ ಮಬ್ಬು ಕಾಣುತ್ತದಲ್ಲ, ಅದಕ್ಕೆ ಗಿಡಮರಗಳು ಹೊರಬಿಡುವ ಆವಿಯೇ ಕಾರಣ ಎಂದು ಸಸ್ಯವಿಜ್ಞಾನಿ ಫ್ರಿಟ್ಸ್ ವೆಂಟ್ 1960ರಲ್ಲೇ ಬರೆದಿದ್ದರು. ಅಗಲ ಎಲೆಯ ಮರಗಳಿಂದ ಐಸೊಪ್ರೀನ್, ಪೈನ್ ಜಾತಿಯ ಮರಗಳಿಂದ ಟರ್ಪೀನ್. ಬಿಸಿಲು ಮತ್ತು ತಾಪಮಾನ ಏರಿದಷ್ಟೂ ಇವು ಹೆಚ್ಚು ಹೊರಬರುತ್ತವೆ, ಓಝೋನ್ ಮತ್ತು ಹೈಡ್ರಾಕ್ಸಿಲ್ ಸಿಕ್ಕಿದರೆ ಕಣವಾಗುತ್ತವೆ. ಚಳಿಗಾಲದಲ್ಲಿ ಈ ಮೂಲ ಬಹುತೇಕ ಮಲಗಿರುತ್ತದೆ. ಆಗಿನ ಸಾವಯವ ಕಣ ಸೌದೆ, ಕಲ್ಲಿದ್ದಲು, ಕಸ, ವಾಹನಗಳದ್ದು.

ಬೆಳಗಿನಓಟ

ಮರಗಳಿಂದ ಬರುವುದಾದರೆ ಅದಕ್ಕೆ ನಾವು ಮಾಡುವುದೇನಿದೆ? ಆ ಪಾಲನ್ನು ಲೆಕ್ಕದಿಂದ ಬಿಟ್ಟುಬಿಡಬಹುದಲ್ಲವೇ?

ನೀಲಿಬೆಟ್ಟ

ಬಿಡಬಾರದು. ಆವಿ ಮರದ್ದಾದರೂ ಅದನ್ನು ಕಣವಾಗಿಸುವುದರಲ್ಲಿ ಮನುಷ್ಯನ ಕೈ ಇದೆ. ಐಸೊಪ್ರೀನ್‌ನಿಂದ ಹುಟ್ಟುವ ಎಪಾಕ್ಸೈಡ್ ಎಂಬ ಬಗೆಯ ಒಂದು ಸಂಯುಕ್ತ, ಆಮ್ಲೀಯವಾದ ಸಲ್ಫೇಟ್ ಕಣ ಸಿಕ್ಕಿದಾಗ ಅದರೊಳಗೆ ಇಳಿದು ಉಳಿದುಕೊಳ್ಳುತ್ತದೆ. ಅಮೆರಿಕದ ಆಗ್ನೇಯ ಭಾಗದ ಕಾಡುಗಳಲ್ಲಿ ಇದನ್ನು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. ಸಲ್ಫೇಟ್ ಇಳಿದರೆ ಅದರೊಂದಿಗೆ ಈ ಸಾವಯವ ಕಣವೂ ಇಳಿಯುತ್ತದೆ. ಮರ ಕಡಿಯುವ ಮಾತೇ ಬೇಡ, ಹೊಗೆಗೊಳವೆ ಹಿಡಿದರೆ ಸಾಕು.

ಲೆಕ್ಕದಪಟ್ಟಿ

ತೂಕದಕೋಣೆ ಅವರ ಮೂಲ ಮಾತನ್ನು ಒಪ್ಪುತ್ತೇನೆ. ಆದರೆ ರಾಸಾಯನಿಕ ಪಟ್ಟಿ ಕೈಗೆ ಬಂದ ಕೂಡಲೇ ಮೂಲ ಯಾವುದೆಂದು ತಿಳಿದುಬಿಡುತ್ತದೆ ಎಂಬ ನಂಬಿಕೆಗೆ ನನ್ನ ಆಕ್ಷೇಪವಿದೆ. ನಾನು ಇಂಥ ದತ್ತಾಂಶಗಳಿಂದ ಮೂಲಗಳ ಪಾಲು ಲೆಕ್ಕ ಹಾಕುವವನು.

ಪೊಟ್ಯಾಸಿಯಂ ಕಂಡರೆ ಸೌದೆ ಅಥವಾ ಕೂಳೆಯ ಹೊಗೆ ಎಂದು ಬರೆಯುವುದು ರೂಢಿ. ಪೊಟ್ಯಾಸಿಯಂ ಮಣ್ಣಿನಲ್ಲೂ ಇದೆ, ಪಟಾಕಿಯಲ್ಲೂ ಇದೆ, ಸಮುದ್ರದ ಉಪ್ಪಿನಲ್ಲೂ ಸ್ವಲ್ಪ ಇದೆ. ಧೂಳಿನ ಕಾಲದಲ್ಲಿ ಅದನ್ನು ಹೊಗೆ ಎಂದು ಲೆಕ್ಕಕ್ಕೆ ತೆಗೆದುಕೊಂಡರೆ ಸುಡದವರ ತಲೆಗೆ ದೋಷ ಕಟ್ಟಿದಂತೆ. ಲೆವೊಗ್ಲುಕೋಸಾನ್ ಇದಕ್ಕಿಂತ ನಂಬಿಕೆಯ ಸಾಕ್ಷಿ, ಸಸ್ಯದ ಸೆಲ್ಯುಲೋಸ್ ಸುಟ್ಟಾಗ ಅದು ಹುಟ್ಟುತ್ತದೆ. ಆದರೆ ಬೇಸಿಗೆಯ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಅದನ್ನೂ ದಾರಿಯಲ್ಲೇ ಕರಗಿಸುತ್ತದೆ. ದೂರದಿಂದ ಬಂದ ಕಾಳ್ಗಿಚ್ಚಿನ ಹೊಗೆಯಲ್ಲಿ ಲೆವೊಗ್ಲುಕೋಸಾನ್ ಕಡಿಮೆ ಕಂಡರೆ ಹೊಗೆಯೇ ಕಡಿಮೆ ಎಂದು ಹೇಳುವಂತಿಲ್ಲ. ಚಳಿಗಾಲದಲ್ಲಿ ಹೊಂದುವ ಅನುಪಾತವನ್ನು ಬೇಸಿಗೆಗೆ ಹೊತ್ತೊಯ್ಯುವುದನ್ನು ನಾನು ಎಷ್ಟೋ ವರದಿಗಳಲ್ಲಿ ಕಂಡಿದ್ದೇನೆ, ಪ್ರತಿ ಬಾರಿಯೂ ಬೇಸರವಾಗಿದೆ.

ನಮ್ಮ ಗಣಿತದ ಸಾಧನಗಳಿಗೂ ಮಿತಿಯಿದೆ. ಪಾಸಿಟಿವ್ ಮ್ಯಾಟ್ರಿಕ್ಸ್ ಫ್ಯಾಕ್ಟರೈಸೇಶನ್ ಎಂಬ ವಿಧಾನವನ್ನು ಪಾಟೆರೊ ಮತ್ತು ಟ್ಯಾಪರ್ 1994ರಲ್ಲಿ ಪ್ರಕಟಿಸಿದರು, ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು ಅದೇ. ಪ್ರತಿಯೊಂದು ಮೂಲದ ರಾಸಾಯನಿಕ ಗುರುತು ಇಡೀ ಅವಧಿಗೆ ಬದಲಾಗದೆ ಇರುತ್ತದೆ ಎಂದು ಅದು ಊಹಿಸಿಕೊಳ್ಳುತ್ತದೆ. ಇಡೀ ವರ್ಷದ ದತ್ತಾಂಶವನ್ನು ಒಟ್ಟಿಗೆ ಹಾಕಿದರೆ, ಚಳಿಗಾಲದ ವಾಹನದ ಹೊಗೆಗೂ ಬೇಸಿಗೆಯದಕ್ಕೂ ಒಂದೇ ಗುರುತು ಕೊಡುತ್ತದೆ. ಋತುವಾರು ಬಿಡಿಸಿ ಹಾಕಿದರೆ ಮಾದರಿಗಳ ಸಂಖ್ಯೆ ಸಾಲುವುದಿಲ್ಲ. ಎರಡೂ ರೀತಿಯಲ್ಲಿ ಮಾಡಿ, ಫಲಿತಾಂಶ ಎಲ್ಲಿ ಬೇರೆಯಾಗುತ್ತದೆ ಎಂದು ಬಹಿರಂಗವಾಗಿ ಬರೆಯುವುದು ನಾನು ಅನುಸರಿಸುವ ದಾರಿ.

ತೂಕದಕೋಣೆ

ಲೆಕ್ಕದಪಟ್ಟಿ ಅವರೇ, ಈ ಎಚ್ಚರಿಕೆ ಬೇಕಾಗಿತ್ತು. ಒಂದು ಮಾತು ಸೇರಿಸುತ್ತೇನೆ. ಪಟ್ಟಿಯಿಂದ ಮೂಲ ತಿಳಿಯುವುದು ಕಷ್ಟ, ಪಟ್ಟಿಯೇ ಇಲ್ಲದೆ ತಿಳಿಯುವುದು ಅಸಾಧ್ಯ. ಎಲ್ಲರೂ ನಿರ್ಲಕ್ಷಿಸುವ ಕ್ಲೋರೈಡನ್ನೇ ತೆಗೆದುಕೊಳ್ಳಿ. ಕರಾವಳಿಯಲ್ಲಿ ಅದು ಸಮುದ್ರದ ಉಪ್ಪು. ನಗರದ ನೈಟ್ರಿಕ್ ಆಮ್ಲ ಆ ಉಪ್ಪಿಗೆ ತಾಗಿದರೆ ಕ್ಲೋರಿನ್ ಹೈಡ್ರೋಕ್ಲೋರಿಕ್ ಆಮ್ಲದ ಆವಿಯಾಗಿ ಹೊರಟುಹೋಗಿ, ಕಣದಲ್ಲಿ ಸೋಡಿಯಂ ನೈಟ್ರೇಟ್ ಉಳಿಯುತ್ತದೆ. ಆದರೆ ಸಮುದ್ರದಿಂದ ಸಾವಿರ ಕಿಲೋಮೀಟರ್ ಆಚೆಯ ದೆಹಲಿಯಲ್ಲಿ ಚಳಿಗಾಲದ ನಸುಕಿನಲ್ಲಿ ಕ್ಲೋರೈಡ್ ವಿಪರೀತ ಏರುತ್ತದೆ. ಅದು ಅಮೋನಿಯಂ ಕ್ಲೋರೈಡ್, ಚಳಿಗೆ ಕಣವಾಗಿ ಬಿಸಿಲೇರಿದಂತೆ ಆವಿಯಾಗುವಂಥದ್ದು. ನೀರನ್ನು ಬಲವಾಗಿ ಹೀರುವುದರಿಂದ ಅಲ್ಲಿನ ಮಬ್ಬು ಮತ್ತು ಮಂಜನ್ನು ದಟ್ಟವಾಗಿಸುವುದರಲ್ಲಿ ಅದರ ಪಾತ್ರ ದೊಡ್ಡದು ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ತೂಕ ಮಾತ್ರ ನೋಡಿದ್ದರೆ ಇದು ಹೊಳೆಯುವುದೇ ಸಾಧ್ಯವಿರಲಿಲ್ಲ. ಕ್ಲೋರಿನ್ ಇರುವ ಕಸ, ಪ್ಲಾಸ್ಟಿಕ್ ಸುಡುವುದರ ಮೇಲೆ, ಕೈಗಾರಿಕೆಗಳ ಆಮ್ಲದ ಆವಿಯ ಮೇಲೆ ಕಣ್ಣು ಹಾಯಿಸಲು ಈ ಒಂದು ವಸ್ತು ಸಾಕು.

ಉಸಿರು

ವೈದ್ಯನಾಗಿ ಎರಡು ಮಾತು. ಶ್ವಾಸಕೋಶದ ಕಾಯಿಲೆಯವರು ನನ್ನ ಬಳಿಗೆ ಬರುತ್ತಾರೆ. “ಇಂದಿನ ಅಂಕಿ ನಿನ್ನೆಯಷ್ಟೇ ಇದೆ, ಆದರೂ ಉಸಿರಾಟ ಕಷ್ಟವಾಗಿದೆ” ಎನ್ನುವವರಿದ್ದಾರೆ. ಅದಕ್ಕೆ ಸೋಂಕು, ಪರಾಗ, ಚಳಿ ಎಲ್ಲವೂ ಕಾರಣವಾಗಬಹುದು, ಕಣದ ರಸಾಯನವೊಂದನ್ನೇ ಹೊಣೆ ಮಾಡಲಾರೆ. ಆದರೂ ಪ್ರಶ್ನೆ ನ್ಯಾಯವಾದದ್ದು. ಬೆಂಜೊಪೈರೀನ್ ಎಂಬ ಕ್ಯಾನ್ಸರ್‌ಕಾರಕವನ್ನು ನೋಡಿ. ಚಳಿಗಾಲದಲ್ಲಿ ಸೌದೆ, ಕಲ್ಲಿದ್ದಲಿನ ಒಲೆಗಳು ಹೆಚ್ಚು ಉರಿಯುತ್ತವೆ, ಬಿಸಿಲು ಕಡಿಮೆಯಾದ್ದರಿಂದ ಅದು ನಾಶವಾಗುವುದು ನಿಧಾನ. ಆದ್ದರಿಂದ ಒಂದೇ ತೂಕದ ಕಣದಲ್ಲಿ ಚಳಿಗಾಲದ್ದರಲ್ಲಿ ಇದು ಬೇಸಿಗೆಗಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಯುರೋಪಿನಲ್ಲಿ ಇದಕ್ಕೆಂದೇ ಘನ ಮೀಟರ್‌ಗೆ 1 ನ್ಯಾನೋಗ್ರಾಂ ಎಂಬ ವಾರ್ಷಿಕ ಗುರಿ ಇಟ್ಟಿದ್ದಾರೆ.

ಆದರೆ “ಇದು ಬರೀ ಸಲ್ಫೇಟ್, ಭಯವಿಲ್ಲ” ಎಂದು ಯಾರೂ ಹೇಳಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ರ ಮಾರ್ಗಸೂಚಿಯನ್ನು ವಾರ್ಷಿಕ 5 ಮೈಕ್ರೋಗ್ರಾಂಗೆ, ದಿನಕ್ಕೆ 15ಕ್ಕೆ ಇಳಿಸಿದಾಗ ಒಟ್ಟು ತೂಕವನ್ನೇ ಆಧಾರವಾಗಿ ಇಟ್ಟುಕೊಂಡಿತು. ಮಸಿಯ ಇಂಗಾಲ, ಅತಿಸೂಕ್ಷ್ಮ ಕಣ, ಮರಳು–ಧೂಳಿನ ಬಿರುಗಾಳಿ ಇವುಗಳಿಗೆ ಮಿತಿ ನಿಗದಿಪಡಿಸದೆ, ಅಳೆಯಿರಿ, ಕಡಿಮೆ ಮಾಡಿ ಎಂಬ ಸಲಹೆ ಕೊಟ್ಟಿತು. ರೋಗಿಗೆ ಎಚ್ಚರಿಕೆ ಹೇಳುವಾಗ ನಾನು ಒಟ್ಟು ಅಂಕಿಯನ್ನೇ ಹಿಡಿಯುತ್ತೇನೆ. ಮೂಲವನ್ನು ಹುಡುಕುವಾಗ ರಸಾಯನ ಬೇಕು ಎಂಬುದಕ್ಕೆ ನನ್ನ ಪೂರ್ಣ ಬೆಂಬಲವಿದೆ.

ರಸಾಯನದಮೇಷ್ಟ್ರು

ಇತಿಹಾಸವೂ ಇದನ್ನೇ ಹೇಳುತ್ತದೆ. ಲಂಡನ್‌ನಲ್ಲಿ 1952ರ ಡಿಸೆಂಬರ್ 5ರಿಂದ 9ರವರೆಗೆ ಕವಿದದ್ದು ಚಳಿಗಾಲದ ಹೊಗೆಮಂಜು. ಕಲ್ಲಿದ್ದಲಿನ ಮಸಿ, ಸಲ್ಫರ್ ಡೈಆಕ್ಸೈಡ್, ಮಂಜಿನ ಹನಿಯಲ್ಲಿ ಆಮ್ಲ. ಆಗ ಸತ್ತವರು ಸುಮಾರು 4,000 ಎಂದು ಮೊದಲು ಲೆಕ್ಕ ಹಾಕಿದರು, ನಂತರದ ಅಂದಾಜುಗಳು 12,000ದವರೆಗೂ ಹೋಗಿವೆ. ಅದೇ ಕಾಲಕ್ಕೆ ಲಾಸ್ ಏಂಜಲೀಸ್‌ನಲ್ಲಿ ಬಿಸಿಲಿನ ದಿನಗಳಲ್ಲೇ ಕಣ್ಣುರಿಸುವ ಕಂದು ಮಬ್ಬು. ಅಲ್ಲಿಯೂ ಕಾರ್ಖಾನೆಗಳ ಗಂಧಕವನ್ನೇ ದೂಷಿಸುತ್ತಿದ್ದರು. ವಾಹನ ಮತ್ತು ತೈಲದ ಆವಿ, ಸಾರಜನಕದ ಆಕ್ಸೈಡ್ ಮತ್ತು ಬಿಸಿಲು ಸೇರಿ ಅದು ಹುಟ್ಟುತ್ತದೆ ಎಂದು ರಸಾಯನವಿಜ್ಞಾನಿ ಹಾಗೆನ್ ಸ್ಮಿಟ್ 1950ರ ದಶಕದ ಆರಂಭದಲ್ಲಿ ತೋರಿಸಿದರು. ಲಂಡನ್‌ಗೆ 1956ರ ಶುದ್ಧ ಗಾಳಿ ಕಾಯ್ದೆ ಮದ್ದಾಯಿತು. ಅದನ್ನೇ ಲಾಸ್ ಏಂಜಲೀಸ್‌ಗೆ ಕೊಟ್ಟಿದ್ದರೆ ಕಂದು ಮಬ್ಬು ಹಾಗೆಯೇ ಇರುತ್ತಿತ್ತು. ಈಗ ಅನೇಕ ನಗರಗಳು ಚಳಿಗಾಲದಲ್ಲಿ ಒಂದು, ಬೇಸಿಗೆಯಲ್ಲಿ ಮತ್ತೊಂದು ಬಗೆಯ ಮಾಲಿನ್ಯವನ್ನು ಅನುಭವಿಸುತ್ತಿವೆ.

ಬೆಳಗಿನಓಟ

ಮಳೆಗಾಲದ ಬಗ್ಗೆ ಯಾರೂ ಹೇಳಲಿಲ್ಲ. ಮಳೆ ಬಂದರೆ ಎಲ್ಲವೂ ತೊಳೆದುಹೋಗುತ್ತದೆ ತಾನೇ?

ನೀಲಿಬೆಟ್ಟ

ಎಲ್ಲವೂ ಸಮನಾಗಿ ಹೋಗುವುದಿಲ್ಲ. ಬೀಳುವ ಹನಿ ದೊಡ್ಡ ಧೂಳಿನ ಕಣಗಳನ್ನು ಸುಲಭವಾಗಿ ಹೊಡೆದುಕೊಂಡು ಬರುತ್ತದೆ. ಅತಿ ಸಣ್ಣ ಕಣಗಳು ಅಲೆದಾಡಿ ತಾವಾಗಿಯೇ ಹನಿಗೆ ಅಂಟುತ್ತವೆ. ನಡುವಿನ ಗಾತ್ರದವು, ಅಂದರೆ ಸುಮಾರು 0.1ರಿಂದ 1 ಮೈಕ್ರೋಮೀಟರ್‌ನವು, ಹನಿಯ ಸುತ್ತ ಹರಿಯುವ ಗಾಳಿಯೊಂದಿಗೆ ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುತ್ತವೆ. ಅವು ಹೋಗುವುದು ಮುಖ್ಯವಾಗಿ ಮೋಡದೊಳಗೆ, ತಾವೇ ಹನಿಯ ಬೀಜವಾಗಿ. ಸಲ್ಫೇಟ್‌ನಂತಹ ನೀರು ಹೀರುವ ಕಣ ಅಂಥ ಬೀಜವಾಗಲು ತಕ್ಕದ್ದು, ಹೊಸ ಮಸಿ ಹಾಗಲ್ಲ. ಆದ್ದರಿಂದ ಮಳೆಯ ಕಾಲದಲ್ಲಿ ತೂಕ ಇಳಿಯುವುದರ ಜೊತೆಗೆ ಉಳಿದದ್ದರ ಮಿಶ್ರಣವೂ ಬದಲಾಗುತ್ತದೆ. ಗಾಳಿ ಸಮುದ್ರದ ಕಡೆಯಿಂದ ಬೀಸಿದರೆ ಉಪ್ಪಿನ ಪಾಲೂ ಏರುತ್ತದೆ.

ಬೆಳಗಿನಓಟ

ಧನ್ಯವಾದ. ಹಾಗಾದರೆ ಕೊನೆಯದಾಗಿ, ವಾಹನಗಳನ್ನು ತಡೆದರೆ ಚಳಿಗಾಲದ ಅಂಕಿ ಖಂಡಿತ ಇಳಿಯುತ್ತದೆ ಎಂದುಕೊಳ್ಳಬಹುದೇ?

ಲೆಕ್ಕದಪಟ್ಟಿ

ಖಂಡಿತ ಎನ್ನಲಾಗದು. 2020ರ ಆರಂಭದಲ್ಲಿ ಕೊರೋನಾ ನಿರ್ಬಂಧದಿಂದ ಚೀನಾದ ನಗರಗಳಲ್ಲಿ ಸಂಚಾರ ನಿಂತು ಸಾರಜನಕದ ಆಕ್ಸೈಡ್‌ಗಳು ತೀವ್ರವಾಗಿ ಇಳಿದವು. ಆದರೂ ಬೀಜಿಂಗ್ ಸುತ್ತಮುತ್ತ ದಟ್ಟ ಮಬ್ಬು ಕವಿಯಿತು. ಹವೆ ತೇವವಾಗಿ, ಕದಲದೆ ಇತ್ತು. ಜೊತೆಗೆ ಸಾರಜನಕದ ಆಕ್ಸೈಡ್ ಇಳಿದಂತೆ ಓಝೋನ್ ಏರಿ, ಇತರ ಅನಿಲಗಳು ಕಣವಾಗುವ ವೇಗ ಹೆಚ್ಚಿತು. ವಾಹನ ತಡೆಯುವುದು ವ್ಯರ್ಥ ಎಂದು ಇದರ ಅರ್ಥವಲ್ಲ, ಮಸಿಯಂತೂ ನೇರವಾಗಿ ಇಳಿಯುತ್ತದೆ. ಸಾವಯವ ಆವಿ ಮತ್ತು ಅಮೋನಿಯಾವನ್ನು ಬಿಟ್ಟು ಒಂದನ್ನೇ ಹಿಡಿದು ಕೆಲವು ದಿನ ಅಲುಗಾಡಿಸಿದರೆ ಚಳಿಗಾಲದ ರಸಾಯನ ನಿರೀಕ್ಷಿಸಿದಂತೆ ಮಣಿಯುವುದಿಲ್ಲ.

ಪುಟ್ಟಸೆನ್ಸರ್

ಒಂದು ಪ್ರಾಯೋಗಿಕ ಪ್ರಶ್ನೆ. ನಾವು ಕೆಲವರು ಸೇರಿ ಒಂದು ವರ್ಷ ಫಿಲ್ಟರ್ ಮಾದರಿ ತೆಗೆಯುವ ಆಲೋಚನೆಯಲ್ಲಿದ್ದೇವೆ. ವಿಶ್ಲೇಷಣೆ ದುಬಾರಿಯಾದ್ದರಿಂದ ಪ್ರತಿದಿನ ಆಗುವುದಿಲ್ಲ. ಮಾಲಿನ್ಯ ಹೆಚ್ಚಿರುವ ಚಳಿಗಾಲದಲ್ಲಷ್ಟೇ ತೆಗೆದರೆ ಸಾಕೇ?

ತೂಕದಕೋಣೆ

ಸಾಲದು. ಚಳಿಗಾಲದ್ದನ್ನಷ್ಟೇ ತೆಗೆದರೆ ಹೋಲಿಸಲು ಏನೂ ಇರುವುದಿಲ್ಲ. ಆರು ದಿನಗಳಿಗೊಮ್ಮೆ, ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗೆ, ವರ್ಷಪೂರ್ತಿ ತೆಗೆಯಿರಿ. ಆರು ಏಕೆಂದರೆ, ವಾರಕ್ಕೊಮ್ಮೆ ಎಂದರೆ ಪ್ರತಿ ಬಾರಿಯೂ ವಾರದ ಅದೇ ದಿನ ಬರುತ್ತದೆ, ಭಾನುವಾರದ ಗಾಳಿ ಸೋಮವಾರದ್ದಲ್ಲ. ಆರರ ಲೆಕ್ಕದಲ್ಲಿ ಒಂದೊಂದೇ ದಿನ ಹಿಂದೆ ಸರಿದು ವಾರದ ಎಲ್ಲ ದಿನಗಳೂ ಸಿಗುತ್ತವೆ. ಅಮೆರಿಕದ ಮಾಪನ ಜಾಲಗಳಲ್ಲಿ ಮೂರು ಅಥವಾ ಆರು ದಿನಗಳಿಗೊಮ್ಮೆ ತೆಗೆಯುವ ಪದ್ಧತಿ ಇದೆ.

ಇಂಗಾಲಕ್ಕೆ ಕ್ವಾರ್ಟ್ಜ್ ಫಿಲ್ಟರ್ ಬೇಕು, ಬಳಸುವ ಮೊದಲು ಕುಲುಮೆಯಲ್ಲಿ ಕಾಯಿಸಿ ಹಳೆಯ ಇಂಗಾಲವನ್ನು ಸುಟ್ಟುಹಾಕಬೇಕು. ಲೋಹಗಳಿಗೆ ಮತ್ತು ತೂಕಕ್ಕೆ ಟೆಫ್ಲಾನ್, ನೈಟ್ರೇಟ್‌ಗೆ ನೈಲಾನ್. ಮೂರಕ್ಕೂ ಹಣ ಸಾಲದಿದ್ದರೆ ಟೆಫ್ಲಾನ್ ಮತ್ತು ಕ್ವಾರ್ಟ್ಜ್ ಇಟ್ಟುಕೊಂಡು, ಬೇಸಿಗೆಯ ನೈಟ್ರೇಟ್ ವಾಸ್ತವಕ್ಕಿಂತ ಕಡಿಮೆ ಬಂದಿದೆ ಎಂದು ವರದಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಯಂತ್ರ ನಿಂತ ಕೂಡಲೇ ಫಿಲ್ಟರ್ ತೆಗೆದು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಪ್ರಯೋಗಾಲಯಕ್ಕೆ ತನ್ನಿ. ಪ್ರತಿ ಋತುವಿನಲ್ಲೂ ಕೆಲವು ಖಾಲಿ ಫಿಲ್ಟರ್‌ಗಳನ್ನು ಗಾಳಿ ಎಳೆಯದೆ ಯಂತ್ರದಲ್ಲಿ ಕೂರಿಸಿ ತೆಗೆದು, ಉಳಿದವುಗಳ ಜೊತೆಗೇ ಕಳುಹಿಸಿ. ಅವುಗಳಲ್ಲಿ ಬಂದದ್ದನ್ನು ಕಳೆಯದಿದ್ದರೆ ಮಳೆಗಾಲದ ಕಡಿಮೆ ತೂಕದ ದಿನಗಳ ಇಂಗಾಲದ ಅಂಕಿ ನಂಬಿಕೆಗೆ ಅರ್ಹವಾಗುವುದಿಲ್ಲ. ಸ್ಥಳ ಗೊತ್ತಾದ ಮೇಲೆ ಸುತ್ತಲಿನ ಮೂಲಗಳ ವಿವರ ಇಲ್ಲಿ ಬರೆಯಿರಿ, ಯಾವ ವಸ್ತುಗಳನ್ನು ಅಳೆಸಬೇಕೆಂದು ಒಟ್ಟಿಗೆ ಕುಳಿತು ನಿರ್ಧರಿಸೋಣ.